ಅಟ್ಟದ ಮೇಲಿನ ಸಾಮೆ

ಅವ್ವೆಯ ಶವಪೆಟ್ಟಿಗೆಗೆ ಮೊಳೆ ಹೊಡೆಯಲು ಎತ್ತಿದ್ದ ಸುತ್ತಿಗೆಯನ್ನು ಸಾರಾ ಕೈ ಅಡ್ಡ ಕೊಟ್ಟು ತಡೆದಳು.

“ತಡಿ. ಅವ್ವೆ ಕೈಗೆ ಒಂದು ಹಿಡಿ ಸಾಮೆ ಇಡಬೇಕು.”

“ಇಡೋದಿಲ್ಲೆ,” ಎಂದ ಅಣ್ಣ ಯೋನಾ. “ಹಟ್ಟಿ ಅಜ್ಞಾನ ಎಲ್ಲ ಇಲ್ಲಿಗೆ ತರಬೇಡ. ಅಯ್ಯನವರು ನೋಡ್ತಿದ್ದಾರೆ.”

ಪಾದ್ರಿ ಅಯ್ಯನವರು ನೋಡುತ್ತಿರಲಿಲ್ಲ. ಕಟ್ಟಬೆಟ್ಟಿನಿಂದ ಕೋತಗಿರಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆಂದು ಯಾರನ್ನೋ ವಿಚಾರಿಸುತ್ತಿದ್ದರು. ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುವ ಯೋನಾ ಸಭೆಯ ಹಿರಿಯನಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ದೇವರಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ, ಎಲ್ಲ ಇವನೇ ಮಾಡುತ್ತಿದ್ದ.

“ಅವ್ವೆ ನಮಗೆ ಕಲಿಸಿದ್ದು ಅಜ್ಞಾನವಾ?”

“ಸಾವಿನ ಮನೇಲಿ ರಂಪ ಮಾಡಬೇಡ ಸಾರಾ.”

“ಬದುಕಿದ್ದಾಗ ನೀ ಮಾಡಿದ್ದೇನು?”

ಗೋಡೆಗೆ ಒರಗಿ ಕೂತಿದ್ದ ಮುದುಕಿಯರು ತಲೆ ತಗ್ಗಿಸಿದರು. ಎಲ್ಲರಿಗೂ ಗೊತ್ತಿತ್ತು. ಯೋನಾ ಸನ್ನೆ ಮಾಡಿದ, ಮೊಳೆ ಬಿತ್ತು.

*

ಅವ್ವೆ ಮಾರ್ತಮ್ಮ ತನ್ನವರ ಊರಾದ ಹಟ್ಟಿ ಬಿಟ್ಟು ಕ್ರೈಸ್ತಳಾದಾಗ ಜೊತೆಗೆ ತಂದದ್ದು ಒಂದು ಚೀಲ ಬಿತ್ತನೆ ಸಾಮೆ. ಈಸ್ಟರ್‌ಗೆ ಎರಡು ವಾರವಿರುವಾಗ ಮನೆಯ ಪ್ರತಿ ಮಗುವಿಗೂ ಒಂದು ಹಾಲಿನ ಡಬ್ಬಿ, ಅದರ ತುಂಬ ಮಣ್ಣು, ಮೇಲೆ ಒಂದು ಚಿಟಿಕೆ ಸಾಮೆ. ನೀರು ಹಾಕುವುದು ಮಗುವಿನದೇ ಕೆಲಸ. ಈಸ್ಟರ್ ಬೆಳಗ್ಗೆ ಮಂಜಿನಲ್ಲೇ ಹೋಗಿ ಬೆರಳುದ್ದದ ಪೈರನ್ನು ಮನೆಯವರ ಸಮಾಧಿಗಳ ಮೇಲೆ ನೆಡುತ್ತಿದ್ದರು. “ಮಣ್ಣಿಗೆ ಹೋದದ್ದು ಏಳುತ್ತೆ, ಕಣ್ಣಾರೆ ನೋಡಿ,” ಎನ್ನುತ್ತಿದ್ದಳು. ಓದು ಬಾರದ ಹೆಂಗಸಿಗೆ ಬೈಬಲ್ಲೂ ಅದೇ, ಪ್ರಸಂಗವೂ ಅದೇ.

ಹೋದ ವರ್ಷ ಮೊಮ್ಮಕ್ಕಳ ಐದು ಡಬ್ಬಿಗಳನ್ನೂ ಯೋನಾ ಅಂಗಳದಿಂದ ಟೀ ಗಿಡಗಳೊಳಕ್ಕೆ ಒದ್ದ. ಮಕ್ಕಳ ಎದುರಿಗೇ ಒದ್ದ. “ಹೆತ್ತೆ ಹೇಳಿದ್ದು ಸುಳ್ಳು” ಎಂದು ಮಗಳು ಎಸ್ತರಳ ಬಾಯಲ್ಲಿ ಮೂರು ಸಲ ಹೇಳಿಸಿದ. ಎಂಥ ಮಗ! ಮಕ್ಕಳು ಹೆತ್ತೆ ಎನ್ನುತ್ತಿದ್ದ ಅಜ್ಜಿ ಬಗ್ಗಿ ಮಣ್ಣು ಗುಡಿಸಿದಳು. ಆ ಈಸ್ಟರ್‌ಗೆ ಆ ಮನೆಯಿಂದ ಯಾರೂ ಸಮಾಧಿಗೆ ಹೋಗಲಿಲ್ಲ.

*

ಸಿಲ್ವರ್ ಓಕ್ ಮರಗಳ ಕೆಳಗೆ ಕುಣಿ ತುಂಬಿತು. ನಾಳೆಯೇ ಈಸ್ಟರ್, ಅಯ್ಯನವರು ಪ್ರಾರ್ಥನೆಯನ್ನು ಬೇಗ ಮುಗಿಸಿದರು. ಜನ ಹೊರಡುತ್ತಿದ್ದಾಗ ಒಂಬತ್ತು ವರ್ಷದ ಎಸ್ತರ್ ಸ್ವೆಟರಿನೊಳಗಿಂದ ಒಂದು ತುಕ್ಕು ಹಿಡಿದ ಡಬ್ಬಿ ತೆಗೆದು ಹಸಿಮಣ್ಣಿನ ಪಕ್ಕ ಕೂತಳು. ಡಬ್ಬಿ ತುಂಬ ಸಾಮೆಯ ಪೈರು. ಬಿಸಿಲು ಕಾಣದೆ ಬೆಳೆದದ್ದರಿಂದ ಬಿಳಿಚಿಕೊಂಡಿತ್ತು.

“ಎಲ್ಲಿತ್ತು ಇದು?” ಯೋನಾ ಗುಡುಗಿದ.

“ಅಟ್ಟದ ಮೇಲೆ. ನಾನು, ಹೆತ್ತೆ ಸೇರಿ ಹಾಕಿದ್ದು. ನಿನಗೆ ಹೇಳಬೇಡ ಅಂದ್ಳು. ಹೆತ್ತೆ ಹೋದ ಮೇಲೂ ನಾನೇ ನೀರು ಹಾಕಿದೆ.”

ಅವನು ಡಬ್ಬಿಯನ್ನು ಕಿತ್ತುಕೊಂಡು ಎಸೆಯಲು ಕೈ ಎತ್ತಿದ. ಸಾರಾ ಆ ರಟ್ಟೆಯನ್ನು ಉಗುರು ಊರುವಂತೆ ಹಿಡಿದಳು. ಡಬ್ಬಿಯ ಮೈಮೇಲೆ ಮೂವತ್ತು ವರ್ಷದ ಹಿಂದೆ ಎಳೆಗೈ ಮೊಳೆಯಲ್ಲಿ ಕೆರೆದ ಅಕ್ಷರ ಅವಳ ಕಣ್ಣಿಗೆ ಬಿದ್ದಿತ್ತು. ಯೋನಾ, 1936.

“ಎಸಿ ಅಣ್ಣ. ಯಾರ ಡಬ್ಬಿ ಅಂತ ಗಟ್ಟಿಯಾಗಿ ಓದಿ, ಆಮೇಲೆ ಎಸಿ.”

ಹೊರಟಿದ್ದ ಜನ ತಿರುಗಿ ನಿಂತರು. ಯೋನಾ ಎತ್ತಿದ್ದ ಕೈ ಇಳಿಸಿ ಡಬ್ಬಿಯನ್ನು ತಿರುಗಿಸಿ ನೋಡಿದ.

“ನಿಂದೇ ಅಪ್ಪ ಅದು,” ಎಂದಳು ಎಸ್ತರ್. “ನಿನ್ನ ಡಬ್ಬೀಲಿ ಹಾಕಿದ್ರೆ ಚೆನ್ನಾಗಿ ಬರುತ್ತೆ ಅಂತ ಹೆತ್ತೆ ಅದನ್ನೇ ಇಟ್ಟುಕೊಂಡಿದ್ಳು.”

ಅವಳು ಎದ್ದು, ಅಪ್ಪನ ಕೈಯಲ್ಲಿದ್ದ ಡಬ್ಬಿಯಿಂದ ಪೈರನ್ನು ಮಣ್ಣಿನ ಸಮೇತ ಎತ್ತಿಕೊಂಡು ಮತ್ತೆ ಹೆತ್ತೆಯ ಸಮಾಧಿಯ ಬಳಿ ಕೂತಳು. ಬಿಳಿಚಿದ ಸಸಿಗಳು ನೆಟ್ಟಂತೆ ನೆಟ್ಟಂತೆ ಬಾಗುತ್ತಿದ್ದವು. ಅವಳು ಒಂದೊಂದಕ್ಕೂ ಬುಡಕ್ಕೆ ಮಣ್ಣು ಒತ್ತಿ ನಿಲ್ಲಿಸಿದಳು. ಸಾರಾ ಅವಳ ಪಕ್ಕ ಮಂಡಿಯೂರಿದಳು, ಅಣ್ಣನ ಕಡೆ ತಿರುಗಲಿಲ್ಲ. ಅವನು ಖಾಲಿ ಡಬ್ಬಿ ಹಿಡಿದು ನಿಂತೇ ಇದ್ದ, ಹೆಬ್ಬೆರಳಿನಿಂದ ಹೆಸರನ್ನು ಮುಚ್ಚಿಕೊಂಡು.