ಖಂಡೇನವಮಿಯ ಕಾಡತೂಸು

ಎರಡು ಸಾವಿರದ ನಾಲ್ಕನೆಯ ಇಸವಿ. ದರಿಬಡಚಿಯಲ್ಲಿ ಆ ವರ್ಷ ತೋಳದ ಕಾಟ ಹೆಚ್ಚಾಗಿತ್ತು. ಹದಿನೈದೇ ದಿನದಲ್ಲಿ ಕುರಿಗಾರ ಶಿದ್ರಾಯನ ಹಿಂಡಿನಿಂದ ಮೂರು ಮರಿ ಹೋದವು. ಮರಿ ಹೋದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ. ತಾಟಿನ ಮುಂದೆ ಕೂತು, ಪಡಸಾಲೆಯ ಮೂಲೆಗೆ ಆನಿಸಿಟ್ಟ ಅಪ್ಪನ ಬಂದೂಕನ್ನು ನೋಡುತ್ತಿದ್ದ.

ಬಂದೂಕು ಅವನ ಅಪ್ಪ ರೇವಪ್ಪನದು. ಲೈಸೆನ್ಸೂ ರೇವಪ್ಪನ ಹೆಸರಿನಲ್ಲೇ ಇತ್ತು. ರೇವಪ್ಪ ತೀರಿಕೊಂಡು ಮೂರು ವರ್ಷವಾಯಿತು. ಲೈಸೆನ್ಸು ಅವನ ಜೊತೆಗೇ ಹೋಯಿತು, ಬಂದೂಕು ಮನೆಯಲ್ಲೇ ಉಳಿಯಿತು. ಶಿದ್ರಾಯನ ಹೆಂಡತಿ ಸಾವಿತ್ರವ್ವನಿಗೆ ಅದು ಒನಕೆ, ಸಲಿಕೆಗಳಂತೆ ಒಂದು ಸಾಮಾನು, ಅಷ್ಟೇ. ದಿನಾ ಮುಂಜಾನೆ ಕಸ ಹೊಡೆಯುವಾಗ ಅದರ ಕುತ್ತಿಗೆ ಹಿಡಿದು ಆಚೆ ಸರಿಸುತ್ತಿದ್ದಳು, ಕಸ ಹೊಡೆದ ಮೇಲೆ ಮತ್ತೆ ಈಚೆ ತಂದಿಡುತ್ತಿದ್ದಳು. ಈಗ ಮಗಳು ಸುನಿತಾ ಬಾಣಂತನಕ್ಕೆ ಬಂದಿದ್ದಳು. ಅದೇ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು.

ಒಂದು ದಿನ, ಊರಿಗೂ ಠಾಣೆಗೂ ನಡುವೆ ಓಡಾಡುವ ಪೊಲೀಸ ಪಾಟೀಲ ಭರಮಣ್ಣ ಬಾಗಿಲಿಗೆ ಬಂದ.

"ಶಿದ್ರಾಯ, ಚುನಾವಣಿ ಬಂತು. ಬಂದೂಕ ಇದ್ದಾವ್ರೆಲ್ಲಾ ಠಾಣಾಕ ಒಯ್ದು ಜಮಾ ಮಾಡ್ಬೇಕಂತ ನೋಟೀಸ ಐತಿ. ನಿಮ್ದೂ ಒಂದು ಐತೆಲ್ಲೋ?"

"ನೋಡೂಣ್ರಿ," ಅಂದ ಶಿದ್ರಾಯ. ಭರಮಣ್ಣ ಹೋದ ಮೇಲೆ ಹೆಂಡತಿಗೆ ಹೇಳಿದ: "ಸತ್ತಾವ್ರ ಹೆಸರಿಂದು ಒಯ್ದು ಕೊಟ್ರ ನನ್ನ ಒಳಗ ಹಾಕ್ತಾರ. ತೋಳ ಬಂದ್ರ ಹೆದರಸಾಕರ ಬೇಕಲ್ಲ? ನಾ ಒಯ್ಯಂಗಿಲ್ಲ."

ಮರುದಿನ ಮಧ್ಯಾಹ್ನ ಕಾಸೀಂಸಾಬ ಮತ್ತು ಅವನ ಹೆಂಡತಿ ರಾಜಬಿ ಕೂಸನ್ನು ನೋಡಲು ಬಂದರು. ಕಾಸೀಂಸಾಬ ರೇವಪ್ಪನ ಗೆಳೆಯ. ಹದಿನೆಂಟು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ಬಂದವನು, ಈಗ ಊರಲ್ಲಿ ಸ್ಟವ್, ಬೀಗ, ಪಂಪು ರಿಪೇರಿ ಮಾಡುತ್ತಿದ್ದ. ರಾಜಬಿಯ ಎಡಗೈಯಲ್ಲಿ ಮೂರೇ ಬೆರಳು. ಎರಡು ಬೆರಳು ಕಬ್ಬಿನ ಗಾಣಕ್ಕೆ ಸಿಕ್ಕು ಹೋದವೆಂದು ಊರಿಗೆಲ್ಲ ಗೊತ್ತಿತ್ತು.

"ಬರ್ರಿ ಚಾಚಿ, ಕುಂದ್ರಿ," ಎಂದು ಸಾವಿತ್ರವ್ವ ಚಾಪೆ ಹಾಸಿದಳು.

ರಾಜಬಿ ಕೂಸಿಗೆಂದು ತಾನೇ ಹೊಲಿದ ಕುಂಚಿಗೆ ತಂದಿದ್ದಳು. ಅದನ್ನು ಕೊಡುತ್ತಿದ್ದಾಗ ಅವಳ ಕಣ್ಣು ಮೂಲೆಗೆ ಹೋಯಿತು. ಕುಂಚಿಗೆ ಅಲ್ಲೇ ಬಿಟ್ಟು, ತೊಟ್ಟಿಲಿಂದ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೊರಟೇಬಿಟ್ಟಳು.

"ಯಾಕ್ರಿ ಚಾಚಿ? ಬಿಸಲ ಐತಿ ಹೊರಗ!"

"ಇರಲಿ ಸಾವಿತ್ರಿ. ಬಿಸಲ ಚಲೋ," ಅಂದಳು ರಾಜಬಿ, ತಿರುಗಿ ನೋಡದೆ.

ಕಾಸೀಂಸಾಬನೂ ಕೂರಲಿಲ್ಲ. "ಶಿದ್ರಾಯ, ಅದು ಖಾಲಿ ಐತೇನಪಾ?"

"ಖಾಲಿ ಐತಿ ಕಾಕಾ. ಅಪ್ಪ ಹ್ವಾದ ಮ್ಯಾಲ ನಾ ಅದಕ್ಕ ಕೈ ಹಚ್ಚಿಲ್ಲ."

"ಬಿಚ್ಚಿ ನೋಡಿಯೇನು?"

ಶಿದ್ರಾಯನಿಗೆ ಸಿಟ್ಟು ಬಂತು. ಬರಿದಾದ ತೊಟ್ಟಿಲ ಮೇಲೆ ಕೈ ಇಟ್ಟ. "ಈ ಕೂಸಿನ ಆಣಿ ಕಾಕಾ, ಖಾಲಿ ಐತಿ. ಇನ್ನೇನ ಹೇಳ್ಲಿ?"

ಕಾಸೀಂಸಾಬ ಮೆತ್ತಗೆ ಹೇಳಿದ: "ನೀ ಸುಳ್ಳ ಹೇಳ್ತಿ ಅನ್ನಂಗಿಲ್ಲಪಾ. ಮೊದಲಿನ ಬಂದೂಕಕ್ಕ ಬಾಯಿಂದ ಮದ್ದು ಸುರಿತಿದ್ರು. ಮ್ಯಾಲ ಗುಂಡು ಹಾಕಿ, ಕಬ್ಬಿಣದ ಗಜ ತುರುಕಿ ಜಡೀತಿದ್ರು. ತುಂಬಾಕ ಹೊತ್ತು ಹಿಡೀತಿತ್ತು, ಮಂದಿ ಎಲ್ಲಾ ನೋಡ್ತಿದ್ರು. ಯುದ್ಧದಾಗ ಎದ್ದ ನಿಂತು ತುಂಬಾಂವ ತುಂಬೂದ್ರಾಗ ಸಾಯ್ತಿದ್ದ. ಆಮ್ಯಾಲ ಹಿಂದಿಂದ ತುಂಬೂ ಬಂದೂಕ ಬಂತು. ಸಿಪಾಯಿ ಹೊಟ್ಟಿ ಮ್ಯಾಲ ಮಲಕೊಂಡ ತುಂಬಿದ. ಬ್ಯಾಟಿಯಾಂವ ಮೊಲ ಜಿಗಿಯೂದ್ರಾಗ ತುಂಬಿದ. ನಿಮ್ಮಪ್ಪನ್ದೂ ಅಂಥಾದ್ದ. ಹಿಂದ ಬಿಚ್ಚಿ ಮದ್ದು-ಗುಂಡು ಕೂಡಿದ ಕಾಡತೂಸು ಹಾಕಿ ಮುಚ್ಚಿದ್ರ ಆತು, ಕಣ್ಣ ಪಿಳಕಸೂದ್ರಾಗ ಮುಗೀತು. ಹೊರಗಿಂದ ನೋಡಿದ್ರ ಖಾಲಿ ಇದ್ದದ್ದೂ ಹಂಗ, ತುಂಬಿದ್ದೂ ಹಂಗ. ಅದಕ್ಕ ಬಿಚ್ಚಿ ನೋಡ್ದ ಹೊರತು ಖಾಲಿ ಅನಬಾರ್ದು."

"ನೋಡ್ರಿ ಹಂಗಾರ," ಅಂದ ಶಿದ್ರಾಯ, ಮುಖ ಊದಿಸಿಕೊಂಡು.

ಕಾಸೀಂಸಾಬ ಎಲ್ಲರನ್ನೂ ತನ್ನ ಬೆನ್ನ ಹಿಂದೆ ನಿಲ್ಲಿಸಿದ. ಬಂದೂಕನ್ನು ಎತ್ತಿ ನಳಿಗೆಯನ್ನು ಹಿತ್ತಲ ಕಡೆಗಿನ ಮಣ್ಣಿಗೆ ತಿರುಗಿಸಿದ. ಬೆರಳನ್ನು ಗುಂಡು ಹಾರಿಸುವ ಕುದುರೆಯಿಂದ ದೂರ ಇಟ್ಟ. ಕೀಲು ಒತ್ತಿದ. ಬಂದೂಕು ನಡುಮುರಿದು ಬಾಯಿ ಬಿಟ್ಟಿತು. ಕಿರುಬೆರಳು ಹಾಕಿ ಒಳಗಿಂದ ಒಂದು ಕಾಡತೂಸು ಎಳೆದು ಅಂಗೈ ಮೇಲೆ ಇಟ್ಟ. ಹಿತ್ತಾಳೆಯ ಬುಡಕ್ಕೆ ಕುಂಕುಮ ಅಂಟಿತ್ತು.

ಶಿದ್ರಾಯನ ಮುಖ ಬಿಳಿಚಿಕೊಂಡಿತು. "ನಾ ಹಾಕಿಲ್ಲ ಕಾಕಾ. ದೇವ್ರಾಣಿ ನಾ ಹಾಕಿಲ್ಲ."

ಒಳಗಿನ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಸಿದ್ದವ್ವ ನಿಧಾನಕ್ಕೆ ಹೇಳಿದಳು: "ನಾ ಹಾಕೀನಿ."

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ದಸರೆಯ ಖಂಡೇನವಮಿಗೆ ಕುಡಗೋಲು, ಕೊಡಲಿ, ಉಣ್ಣೆ ಕತ್ತರಿ ಎಲ್ಲ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದರು. ಬಂದೂಕನ್ನು ಮಾತ್ರ ಬರಿ ಹೊಟ್ಟೆಯಲ್ಲಿ ಪೂಜೆಗೆ ಕೂರಿಸಬಾರದು ಎಂದು ರೇವಪ್ಪ ಅದಕ್ಕೊಂದು ಕಾಡತೂಸು ಉಣಿಸುತ್ತಿದ್ದ.

"ಅವರು ಹಾಕೂದು ವರ್ಷಾ ವರ್ಷಾ ನೋಡೀನಿ," ಅಂದಳು ಸಿದ್ದವ್ವ. "ಅವರು ಹ್ವಾದ ಮ್ಯಾಲ ಪದ್ಧತಿ ಬಿಡಬಾರ್ದಂತ ದೇವರ ಜಗಲಿ ಮ್ಯಾಲಿನ ಡಬ್ಬಿಯಿಂದ ಒಂದು ತಗದು ನಾನ ಹಾಕಿದೆ. ಅದು ಅಲ್ಲೇ ಐತಿ."

"ವೈನಿ, ಪೂಜಿ ಮುಗದ ಮರುದಿನಾ ಹೊಲದಾಗ ರೇವಪ್ಪ ಅದನ್ನ ತಗೀತಿದ್ದ. ನಾನ ಎಷ್ಟೋ ಸರ್ತಿ ಜೋಡಿ ಇದ್ದೆ," ಅಂದ ಕಾಸೀಂಸಾಬ.

"ನಾ ಹೊಲಕ್ಕ ಬಂದಿಲ್ಲಲ್ಲೋ ಕಾಸೀಂ," ಅಂದಳು ಸಿದ್ದವ್ವ. "ಹಾಕೂದಷ್ಟ ನೋಡೀನಿ. ತಗಿಯೂದು ನನಗ ಯಾರೂ ಹೇಳ್ಲಿಲ್ಲ." ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

ಸಾವಿತ್ರವ್ವ ಮೂಲೆ ನೋಡಿದಳು, ತೊಟ್ಟಿಲು ನೋಡಿದಳು. ದಿನಾ ತಾನು ನಳಿಗೆ ಹಿಡಿದು ಸರಿಸುತ್ತಿದ್ದದ್ದು ನೆನಪಾಯಿತು. ಮೊನ್ನೆ ಕಸಬರಿಗೆ ತಾಗಿ ಬಂದೂಕು ಜಾರಿತ್ತು, ನೆಲ ಮುಟ್ಟುವಷ್ಟರಲ್ಲಿ ಹಿಡಿದಿದ್ದಳು. ಆಗ ಕೂಸು ತೊಟ್ಟಿಲಲ್ಲೇ ಇತ್ತು.

"ಬಿದ್ದಿದ್ರ?" ಎಂದು ಕೇಳಿದಳು.

"ಹಳೇ ಬಂದೂಕವ್ವಾ ಇದು. ಕುದರಿ ಎಳೀಬೇಕಂತಿಲ್ಲ. ಬಿದ್ರೂ ಗುಂಡ ಹಾರ್ತದ." ಕಾಸೀಂಸಾಬ ಅಂಗಳದ ಕಡೆ ನೋಡಿದ. "ರಾಜಬಿ, ಹೇಳ್ಲೇನು?"

"ಹೇಳ್ರಿ. ಇಷ್ಟ ವರ್ಷ ಮುಚ್ಚಿದ್ದು ಸಾಕು."

"ಅಕಿ ಬೆರಳ ಗಾಣಕ್ಕ ಹೋಗಿಲ್ಲ. ನಾ ಸೈನ್ಯ ಬಿಟ್ಟು ಬಂದ ವರ್ಷ ಪರ ಊರಾಂವ ಒಬ್ಬ ಬ್ಯಾಟಿ ಬಂದೂಕ ರಿಪೇರಿಗೆ ತಂದ. ಖಾಲಿ ಐತಿ ಅಂದ. ಹದಿನೆಂಟ ವರ್ಷ ಅದ ಕೆಲಸ ಮಾಡಿದ ನಾನು ಬಿಚ್ಚಿ ನೋಡ್ಲಿಲ್ಲ. ಅಕಿ ಚಾ ತಂದ್ಲು, ಕಪ್ಪ ಇಡಾಕ ಅದನ್ನ ಆಚಿ ಸರಿಸಿದ್ಲು, ಗುಂಡ ಹಾರಿ ಎರಡ ಬೆರಳ ಹ್ವಾದ್ವು. ನನ್ನ ಮಾನಾ ಹೋಗಬಾರ್ದಂತ ಮಂದಿಗೆ ಗಾಣದ ಕತಿ ಹೇಳಿದ್ಲು."

ಶಿದ್ರಾಯ ತಲೆ ತಗ್ಗಿಸಿದ. "ತೋಳಕ್ಕೇನ ಮಾಡೂದು ಕಾಕಾ?"

"ತೋಳ ಹೊಡದ್ರ ಕಾಯ್ದೆ ನಿನ್ನ ಬಿಡೂದಿಲ್ಲ. ಎರಡ ಗಟ್ಟಿ ನಾಯಿ ಸಾಕು, ಹಟ್ಟಿಗೆ ಎದಿ ಮಟಾ ಜಾಲಿ ಮುಳ್ಳ ಹಾಕು. ಠಾಣಾಕ ನಾನೂ ಬರ್ತೀನಿ."

ಮರುದಿನ ಅವರಿಬ್ಬರೂ ಭರಮಣ್ಣನನ್ನು ಕರೆದುಕೊಂಡು ಠಾಣೆಗೆ ಹೋದರು. ಬಂದೂಕು, ಅದರಿಂದ ತೆಗೆದ ಕಾಡತೂಸು, ಡಬ್ಬಿಯಲ್ಲಿ ಉಳಿದವು, ಹಳೆಯ ಲೈಸೆನ್ಸು, ರೇವಪ್ಪನ ಮರಣದ ದಾಖಲೆ, ಎಲ್ಲವನ್ನೂ ಮೇಜಿನ ಮೇಲೆ ಇಟ್ಟರು. ಮೂರು ವರ್ಷ ಯಾಕೆ ತರಲಿಲ್ಲವೆಂದು ಸಾಹೇಬರು ಜಬರಿಸಿದರು. ಆಮೇಲೆ ಬರೆದುಕೊಂಡು, ಜಮಾ ಆಯಿತೆಂಬ ಪಾವತಿ ಚೀಟಿ ಕೊಟ್ಟರು. ಬೇಕಿದ್ದರೆ ನಿನ್ನ ಹೆಸರಿಗೆ ಲೈಸೆನ್ಸು ಕೇಳಿ ಅರ್ಜಿ ಹಾಕು ಎಂದರು. ಶಿದ್ರಾಯ ಬೇಡವೆಂದ.

ಆ ವರ್ಷದ ಖಂಡೇನವಮಿಗೆ ಸಿದ್ದವ್ವ ಖಾಲಿ ಮೂಲೆಗೇ ಕುಂಕುಮ ಹಚ್ಚಿದಳು. ಹೋಳಿಗೆಯ ಎಡೆ ಇಟ್ಟಳು. ಪೂಜೆಯಾದ ಮೇಲೆ ಮೊದಲ ಹೋಳಿಗೆಯನ್ನು ರಾಜಬಿಯ ಎಡಗೈಗೆ ಕೊಟ್ಟು, ಆ ಮೂರು ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮೂಲೆಯಲ್ಲೂ ತೀರಿಹೋದವರ ಬಂದೂಕು ಇದೆಯೇ? ಬಿಚ್ಚಲು ಬಾರದಿದ್ದರೆ ಕೈ ಹಚ್ಚಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಇವತ್ತೇ ನಿಮ್ಮ ಪೊಲೀಸ ಪಾಟೀಲರಿಗೆ ಹೇಳಿ, ತಿಳಿದವರ ಕೈಯಿಂದ ಬಿಚ್ಚಿಸಿ, ಠಾಣೆಯಲ್ಲಿ ಜಮಾ ಮಾಡಿ ಪಾವತಿ ತನ್ನಿ. ಲೈಸೆನ್ಸು ಇದ್ದವರು ಬಂದೂಕನ್ನು ಬೀಗದಲ್ಲಿಡಿ, ಕಾಡತೂಸನ್ನು ಬೇರೆ ಬೀಗದಲ್ಲಿಡಿ, ಪ್ರತಿ ಸಲ ಬಿಚ್ಚಿ ನೋಡಿ. ಖಾಲಿ ಇದೆ ಎಂದು ಯಾರು ಎಷ್ಟು ಗಟ್ಟಿಯಾಗಿ ಹೇಳಿದರೂ ನಂಬಬೇಡಿ. ಶಿದ್ರಾಯನೂ ಕೂಸಿನ ಆಣೆ ಮಾಡಿಯೇ ಹೇಳಿದ್ದ.