ಆಲೂಗಡ್ಡಿ ತಪ್ಪಲು

ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಯಾರೂ ಆಲೂಗಡ್ಡೆ ಬೆಳೆದವರಲ್ಲ. ದೀಪಾವಳಿ ಕಳೆದ ಮೇಲೆ, ಬುಟ್ಟಿಯ ತಳದಲ್ಲಿ ಮೊಳಕೆಯೊಡೆದಿದ್ದ ಗಡ್ಡೆಗಳನ್ನು ಎಸೆಯಲು ಮನಸ್ಸಾಗದೆ ನಾನೇ ಹಿತ್ತಲಲ್ಲಿ ಊರಿದೆ. ಒಂದೊಂದು ಹೋಳಿಗೂ ಒಂದು ಕಣ್ಣು ಉಳಿಯುವಂತೆ ಹೆಚ್ಚಿ, ಬೂದಿ ಸವರಿ ಕೊಟ್ಟವರು ಅತ್ತೆ ವೀರಭದ್ರಮ್ಮ.

ಪಕ್ಕದ ಮನೆಯ ಹಾಜಿರಾಬೀ ಗೋಡೆಯ ಆಚೆಯಿಂದ ನಕ್ಕರು. "ಏನ್ ವೀರಭದ್ರಮ್ಮಾ, ಆಲೂ ಬಿತ್ತಾಕತ್ತೀರಿ? ಸೊಸಿ ಕಾಲೇಜಿನಾಗ ಇದನ್ನಽ ಕಲಿಸ್ತಾಳೇನು?"

"ನಗು ನಗು. ಬೆಳದ್ರ ನಿನಗ ಒಂದೂ ಕೊಡೂದಿಲ್ಲ," ಎಂದರು ಅತ್ತೆ.

ಆ ಚಳಿಗಾಲವೆಲ್ಲ ನನ್ನ ಕಣ್ಣು ಗಿಡಗಳಿಗಿಂತ ಹೆಚ್ಚಾಗಿ ಅತ್ತೆಯ ಮೇಲಿತ್ತು. ಎರಡು ಸಲ ಅವರು ಗ್ಯಾಸ್ ಆರಿಸುವುದನ್ನು ಮರೆತಿದ್ದರು. ಎರಡು ಸಲವೂ ನನ್ನ ಗಂಡ ವೀರೇಂದ್ರರಿಗೆ ಹೇಳಿದವಳು ನಾನು. "ಇನ್ನೊಮ್ಮಿ ಏನರ ಆದ್ರ ಅವ್ವ ಒಲಿ ಮುಂದ ನಿಲ್ಲೂದು ಬ್ಯಾಡ," ಎಂದು ಅವರು ಅತ್ತೆಯ ಎದುರಿಗೇ ಹೇಳಿಬಿಟ್ಟರು. ಮೂವತ್ತೆಂಟು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದವರು ಅತ್ತೆ. ಮರುದಿನದಿಂದ ಒಲೆ ಆರಿಸಿ ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಗುಂಡಿಯನ್ನು ಮುಟ್ಟಿ ನೋಡುತ್ತಿದ್ದರು.

ಜನವರಿ ಕೊನೆಗೆ ಗಿಡಗಳ ಕೆಳಗಿನ ಎಲೆ ಹಳದಿಗೆ ತಿರುಗಿತು. ಅಗೆಯುವ ಹತ್ತು ದಿನ ಮೊದಲು ಮೇಲಿನ ಸೊಪ್ಪು, ನಮ್ಮ ಮಾತಿನ ತಪ್ಪಲು, ಕೊಯ್ದು ತೆಗೆದರೆ ನೆಲದೊಳಗೆ ಗಡ್ಡೆಯ ಸಿಪ್ಪೆ ಗಟ್ಟಿಯಾಗುತ್ತದೆ ಎಂದು ಓದಿದ್ದೆ. ಅಂದು ಶನಿವಾರ. ನಾನು ಪಾಠ ಮಾಡುವುದು ಮಸ್ಕಿಯ ಕಾಲೇಜಿನಲ್ಲಿ, ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತ ಬಾಗಿಲಿನಿಂದಲೇ ಕೂಗಿದೆ.

"ಅತ್ತೀ, ಆಲೂಗಡ್ಡಿ ತಪ್ಪಲಾ ಇವತ್ತು ಕೊಯ್ದುಬಿಡ್ರಿ."

"ಎಲ್ಲಾ ಕೊಯ್ಲೇನವ್ವಾ?"

"ಎಲ್ಲಾ ಕೊಯ್ರಿ."

ಮೂಲಂಗಿ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಕಡಲೆ ತಪ್ಪಲು. ನಮ್ಮ ಕಡೆ ಹಿತ್ತಲಿನ ತಪ್ಪಲು ಕೊಯ್ಯುವುದು ಪಲ್ಯಕ್ಕೆ. ಎಸೆಯುವುದಕ್ಕಾಗಿ ಯಾರೂ ಆ ಮಾತು ಹೇಳುವುದಿಲ್ಲ. ಇದು ನನಗೆ ಹೊಳೆದದ್ದು ಸಂಜೆ, ಮಸ್ಕಿಯಿಂದ ಮರಳುವ ಬಸ್ಸಿನಲ್ಲಿ, ವೀರೇಂದ್ರರ ಫೋನ್ ಬಂದಾಗ.

ಅತ್ತೆ ಹಸಿರು ಕುಡಿಗಳನ್ನು ಆರಿಸಿ, ಬೇಳೆ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದ್ದರು. ಬೆಳಗಿನ ಶಾಲೆ ಮುಗಿಸಿ ಬಂದ ನನ್ನ ಮಗಳು, ಆರು ವರ್ಷದ ಅಂಜಲಿ, ಕಹಿ ಅಂದಳಂತೆ. ಬೆಲ್ಲ ಕೊಟ್ಟು ತಿನ್ನಿಸಿದ್ದರು. ನಾಲ್ಕು ಗಂಟೆಯಿಂದ ಒಂದೇ ಸಮನೆ ವಾಂತಿ.

ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದರು. "ಆಲೂಗಡ್ಡಿ ಎಲಿ ಯಾರರ ತಿಂತಾರೇನ್ರಿ? ವಿಷ ಅದು," ಎಂದರು ಡಾಕ್ಟರು. ಜೀವಕ್ಕೆ ಭಯವಿಲ್ಲ, ಬೆಳಿಗ್ಗೆ ಕರೆದೊಯ್ಯಬಹುದು ಎಂದೂ ಹೇಳಿದರು.

ಅವರು ಆಚೆ ಹೋದದ್ದೇ ವೀರೇಂದ್ರ ಅತ್ತೆಯ ಕಡೆ ತಿರುಗಿದರು. "ಏನ್ ಮಾಡಿಟ್ಟೀ ಬೇ?"

"ಅಶ್ವಿನಿನಽ ಹೇಳಿದ್ಳಪಾ, ತಪ್ಪಲಾ ಕೊಯ್ರಿ ಅಂತ."

"ಎಂ.ಎ. ಓದಿದಾಕಿ ವಿಷ ಕುದಿಸು ಅಂತಾಳೇನು?" ಎನ್ನುತ್ತ ಅವರು ನನ್ನನ್ನು ನೋಡಿದರು.

ಅಂಜಲಿಯ ಮುಂಗೈಗೆ ಸೂಜಿ ಸುತ್ತ ಪಟ್ಟಿ ಅಂಟಿಸಿದ್ದರು. ನಾನು ಅದನ್ನೇ ನೋಡುತ್ತ ಹೇಳಿದೆ: "ಕೊಯ್ರಿ ಅಂದಿದ್ದೆ. ಅಡಿಗಿ ಮಾಡ್ರಿ ಅಂದಿದ್ದಿಲ್ಲ."

ಸುಳ್ಳೇನಲ್ಲ. ಅತ್ತೆ ಏನೋ ನೆನಪಿಸಿಕೊಳ್ಳುವವರಂತೆ ನೆಲ ನೋಡಿದರು. "ಹಂಗಽ ಇರಬೇಕು ಬಿಡಪಾ," ಎಂದರು ಆಮೇಲೆ. "ನಂದಽ ಮರವು."

ಮರುದಿನ ಹಿತ್ತಲಲ್ಲಿ, ಬಚ್ಚಲ ಮಗ್ಗುಲಿಗೆ, ಮಣ್ಣು ಮುಚ್ಚಿದ ವಾಂತಿ ಕಂಡಿತು. ಅತ್ತೆಯೂ ಅದೇ ಪಲ್ಯ ಉಂಡಿದ್ದರು. ಯಾರಿಗೂ ಹೇಳಿರಲಿಲ್ಲ.

ಅಡಿಗೆಮನೆಗೆ ಹೋಗಬೇಡಿ ಎಂದು ಅವರಿಗೆ ಮತ್ತೆ ಹೇಳಬೇಕಾಗಲಿಲ್ಲ. ನೀರು ಬೇಕಾದರೂ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ವೀರೇಂದ್ರರಿಗೆ, ತಪ್ಪು ನನ್ನ ಮಾತಿನದು, ಕೇಳಿದವರು ಯಾರಾದರೂ ಪಲ್ಯವನ್ನೇ ಮಾಡುತ್ತಿದ್ದರು ಎಂದೆ.

"ನೀ ಆಕಿ ಮ್ಯಾಲಿನ ಕನಿಕರಕ್ಕ ಹೇಳಾಕತ್ತಿ," ಎಂದು ಅವರು ನನ್ನ ಹೆಗಲು ತಟ್ಟಿದರು.

ಅತ್ತೆಗೂ ಹೇಳಿದೆ. ಅವರು ಗಾಬರಿಯಾದರು. "ಇಲ್ಲವ್ವಾ, ನೀ ಬರೋಬ್ಬರಿ ಹೇಳಿರ್ತಿ. ನನಗಽ ಒಂದೂ ತಲ್ಯಾಗ ನಿಂದ್ರವಲ್ದು."

"ನಿಮಗ ನೆನಪೈತ್ರಿ ಅತ್ತೀ. ಎಲ್ಲಾ ಕೊಯ್ಲೇನು ಅಂತ ಕೇಳಿದ್ರೆಲ್ಲ?"

"ಕೇಳಿದ್ನೇನು?" ಎಂದರು.

ಹತ್ತನೆಯ ದಿನ ನಾನೊಬ್ಬಳೇ ಅಗೆದೆ. ಎರೆಮಣ್ಣು ಒಣಗಿ ಹೆಂಟೆಗಟ್ಟಿತ್ತು. ಗಡ್ಡೆಗಳು ಲಿಂಬೆಹಣ್ಣಿಗಿಂತ ತುಸು ದೊಡ್ಡವು. ಕೆಲವು ಸಲಿಕೆಯ ಏಟಿಗೆ ಸೀಳಿದವು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಮಣ್ಣು ಒರೆಸಿ ಬುಟ್ಟಿಗೆ ಹಾಕಲೆಂದು ಒಂದಿಷ್ಟನ್ನು ಅವರ ಮುಂದೆ ಸುರುವಿದೆ. ಅವರು ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದರು.

"ಅಶ್ವಿನಿ, ಇದನ್ನ ತಿಂತಾರೇನವ್ವಾ?"

"ತಿಂತಾರ್ರಿ ಅತ್ತೀ."

"ನೋಡಿ ಹೇಳು."

ಅದನ್ನು ಬುಟ್ಟಿಗೆ ಹಾಕದೆ ನನ್ನ ಕೈಗೆ ಕೊಟ್ಟರು. ನೋಡಿ, ಹೌದೆಂದೆ. ಅವರು ಇನ್ನೊಂದನ್ನು ಒರೆಸಿ ನನ್ನ ಕಡೆ ಚಾಚಿದರು.