ಸಂಖ್ಯೆಯಿಲ್ಲದ ಶಿಲುಬೆ

ಶವದ ಎದೆಯ ಮೇಲಿದ್ದ ಪದಕವನ್ನು, ಬಾವುಟ ಹೊದಿಸಲು ಬಂದಿದ್ದ ಲೆಫ್ಟಿನೆಂಟ್ ಬಿಚ್ಚಿ, ತಿರುಗಿಸಿ, ಉಗುರಿನಿಂದ ಕೆರೆದು ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಪದಕಗಳ ಪಟ್ಟಿಯ ಕಾಗದ ನೋಡಿದ.

"ಇದು ಸರ್ಕಾರ ಕೊಟ್ಟ ಚಾಕೊ ಶಿಲುಬೆ ಅಲ್ಲಮ್ಮ," ಎಂದ ಮೆಲ್ಲಗೆ, ಮಗಳು ನಿಮಿಯಾಗೆ. "ನಿಮ್ಮ ತಂದೆಗೆ ಕೊಟ್ಟಿದ್ದರ ಹಿಂದೆ ಆರುನೂರ ಹದಿನಾಲ್ಕು ಅಂತ ಕೊರೆದಿರಬೇಕು. ಇದು ಬರೀ ಬಂದೂಕಿನ ತೋಟಾದ ಹಿತ್ತಾಳೆ. ಯಾರೋ ಅರದಲ್ಲಿ ಉಜ್ಜಿ ಮಾಡಿದ್ದು."

ಮೇಣದಬತ್ತಿ ಓರೆಯಾಗಿ ಬಿಸಿ ಮೇಣ ಬೆರಳ ಮೇಲೆ ಇಳಿದದ್ದು ನಿಮಿಯಾಗೆ ತಿಳಿಯಲಿಲ್ಲ. ಚಾಕೊ ಬಯಲಿಗಾಗಿ ಬೊಲಿವಿಯದೊಡನೆ ನಡೆದ ಯುದ್ಧ ನಿಂತು ಮೂವತ್ತು ವರ್ಷ ದಾಟಿತ್ತು. ಪ್ರತಿ ಜೂನ್ ಮೆರವಣಿಗೆಯಲ್ಲೂ ಅಪ್ಪ ಎಲಿಹಿಯೊ ಇದನ್ನೇ ಧರಿಸಿ ಮುಂದಿನ ಸಾಲಿನಲ್ಲಿ ನಡೆದಿದ್ದ. ಗುಂಡು ಹಾರುತ್ತಿದ್ದಾಗ ಬಾಯಾರಿದ ಪಡೆಗೆ ನೀರು ಹೊತ್ತು ತಂದವನೆಂದು ಊರು ಟೋಪಿ ತೆಗೆಯುತ್ತಿತ್ತು.

ಅಂಗಳಕ್ಕೆ ಸುದ್ದಿ ಹರಡಿತು. ಅಸಲಿಯನ್ನು ಮಾರಿಕೊಂಡಿರಬೇಕೆಂದರು ಒಬ್ಬರು. ಕುಡಿತಕ್ಕೇ ಇರಬೇಕೆಂದರು ಇನ್ನೊಬ್ಬರು. "ತೋಟಾದ ತುಂಡಿಗೆ ಇಷ್ಟು ವರ್ಷ ಸಲಾಮು ಹೊಡೆದೆನಲ್ಲ, ಈ ಕೈಗೆ ಬುದ್ಧಿ ಬೇಡ್ವಾ?" ಎಂದ ಕ್ಷೌರದ ಕ್ರಿಸ್ಪಿನ್. ಕೆಲವರು ನಕ್ಕರು.

ಪದಕ ಮಾರಿಕೊಂಡವನ ಪೆಟ್ಟಿಗೆಗೆ ಬಾವುಟ ಹೊದಿಸಲು ತನಗೆ ಅಪ್ಪಣೆಯಿಲ್ಲವೆಂದು ಲೆಫ್ಟಿನೆಂಟ್ ತಲೆ ತಗ್ಗಿಸಿಯೇ ಹೇಳಿ, ಬಾವುಟ ಮಡಿಸತೊಡಗಿದ.

*

ಚಿಕ್ಕಂದಿನಲ್ಲಿ, ಮೆರವಣಿಗೆ ಮುಗಿದ ಮೇಲೆ ಅಪ್ಪ ನಿಮಿಯಾಳನ್ನು ಕರೆದುಕೊಂಡು ಬಾಸಿಲಿಯಾ ಅಜ್ಜಿಯ ಮನೆಗೆ ಹೋಗುತ್ತಿದ್ದ. ಅಜ್ಜಿಯ ಒಬ್ಬನೇ ಮಗ ಸಿಲ್ವಿಯೊ ಅಪ್ಪನ ಜೊತೆಗೇ ಚಾಕೊ ಯುದ್ಧಕ್ಕೆ ಹೋದವನು, ಮರಳಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಬಿಸಿ ಚಿಪಾ ರೊಟ್ಟಿ ನಿಮಿಯಾಳ ಕೈಯಲ್ಲಿರುತ್ತಿತ್ತು. ಬೇಲಿಯ ಬಳಿ ಅಪ್ಪ ಪದಕ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಯಾಕಪ್ಪಾ ತೆಗೀತೀಯ?"

"ಇದು ಈ ಹೊಸಿಲು ದಾಟಬಾರದು, ಮಗಳೆ."

ಒಳಗೆ ಹೋಗಿ, ಸಂತರ ವಿಗ್ರಹವಿಟ್ಟ ಗೂಡಿನ ಮುಂದೆ ಟೋಪಿ ತೆಗೆದು ತಲೆ ಬಾಗುತ್ತಿದ್ದ. ಆಮೇಲೆ ಏಣಿ ಹತ್ತಿ ಅಜ್ಜಿಯ ಸೂರಿನ ಹುಲ್ಲು ಸರಿಪಡಿಸುತ್ತಿದ್ದ.

*

ಬಾವುಟ ಇನ್ನೂ ಪೂರ್ತಿ ಮಡಿಸಿರಲಿಲ್ಲ, ಬಾಸಿಲಿಯಾ ಅಜ್ಜಿ ಕೋಲೂರಿಕೊಂಡು ಒಳಗೆ ಬಂದಳು. ಕಿವಿ ಮಂದ, ಅಂಗಳದ ಮಾತು ಅವಳನ್ನು ತಲುಪಿರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ನಿಮಿಯಾಳ ಅಂಗೈಗೆ ಒಂದು ಶಿಲುಬೆ ಇಟ್ಟಳು.

"ನಮ್ಮ ಸಿಲ್ವಿಯೊಗೆ ಸರ್ಕಾರ ಕೊಟ್ಟಿದ್ದು, ಕೂಸೆ. ನಿನ್ನಪ್ಪನೇ ತಂದು ಕೊಟ್ಟ. ಇವತ್ತು ಅವನಿಗೊಂದು ಸಲ ಮುಟ್ಟಿಸಿ ಹೋಗೋಣ ಅಂತ ಬಂದೆ."

ನಿಮಿಯಾ ಶಿಲುಬೆಯನ್ನು ತಿರುಗಿಸಿದಳು. ಆರುನೂರ ಹದಿನಾಲ್ಕು. ಪಕ್ಕದಲ್ಲಿ ಅಂಕಿ ಕಂಡ ಲೆಫ್ಟಿನೆಂಟನ ಕೈ ಬಾವುಟದ ಮೇಲೆ ನಿಂತುಬಿಟ್ಟಿತು. ಇದನ್ನೆತ್ತಿ ಹಿಡಿದು ಒಂದು ಮಾತು ಆಡಿದರೆ ಸಾಕು, ಅಂಗಳದ ಬಾಯಿ ಮುಚ್ಚುತ್ತಿತ್ತು.

"ನಂಗೆ ಓದೋಕೆ ಬರಲ್ಲ," ಎಂದಳು ಅಜ್ಜಿ. "ಹಿಂದೆ ಅವನ ಹೆಸರಿದೆ ಅಂತ ನಿನ್ನಪ್ಪ ಓದಿ ಹೇಳಿದ್ದ. ದಿನಾ ಒರೆಸ್ತೀನಿ. ಸವೆದು ಹೋಗಿಲ್ಲ ತಾನೆ?"

ನಿಮಿಯಾ ಅಪ್ಪನ ಮುಖ ನೋಡಿದಳು.

"ಇಲ್ಲ ಅಜ್ಜಿ. ಸಿಲ್ವಿಯೊ ಅಂತ ಚೆನ್ನಾಗಿ ಕಾಣ್ತಿದೆ."

ಅಜ್ಜಿ ಶಿಲುಬೆಯನ್ನು ಎಲಿಹಿಯೊನ ಹಣೆಗೆ ಮುಟ್ಟಿಸಿ ಮತ್ತೆ ಗಂಟು ಕಟ್ಟಿಕೊಂಡಳು. ಲೆಫ್ಟಿನೆಂಟ್ ಅವಳಿಗೊಂದು ಕುರ್ಚಿ ಎಳೆದು ಕೊಟ್ಟ. ಕಾಗದವನ್ನು ಮಡಿಸಿ ಜೇಬಿಗಿಟ್ಟು, ಹಿತ್ತಾಳೆಯ ಶಿಲುಬೆಯನ್ನು ಸತ್ತವನ ಅಂಗಿಯ ಎದೆಗೆ ಮತ್ತೆ ಸಿಕ್ಕಿಸಿದ. ಹೊರಗೆ ಕ್ರಿಸ್ಪಿನ್ ಏನೋ ಹೇಳಿ ನಗಿಸುತ್ತಲೇ ಇದ್ದ. ಪೆಟ್ಟಿಗೆ ಮುಚ್ಚಿ, ಬಾವುಟ ಬಿಡಿಸಿ ಹೊದಿಸಿ, ಲೆಫ್ಟಿನೆಂಟ್ ಹಿಮ್ಮಡಿ ಕೂಡಿಸಿ ನಿಂತು ಸಲಾಮು ಹೊಡೆದ.

ಬಾಸಿಲಿಯಾ ಅಜ್ಜಿ ಕುರ್ಚಿಯಿಂದ ಎದ್ದಳು. ಬೆನ್ನು ನೆಟ್ಟಗೆ ಮಾಡಿ, ಕರವಸ್ತ್ರದ ಗಂಟನ್ನು ಎದೆಗೊತ್ತಿ ಹಿಡಿದು, ಅದು ಸಿಲ್ವಿಯೊಗೇ ಎಂದು ತಿಳಿದು, ಮಗನ ಪರವಾಗಿ ಆ ಸಲಾಮು ಸ್ವೀಕರಿಸಿದಳು.